ಚೌತಿಯ ದಿನ ನೆಟ್ಟ ಕಂಬ

ಬೆಳಗಿನಿಂದ ಮನೆಯ ತುಂಬ ಜೋಳದ ಅಳ್ಳು ಹುರಿಯುವ ವಾಸನೆ. ಕೆಳಗೆ ಅವ್ವ ಪಂಚಮಿ ಹಬ್ಬಕ್ಕೆಂದು ಒಲೆಯ ಮುಂದೆ ಕುಳಿತಿದ್ದಾಳೆ. ಕಾದ ಬಾಣಲೆಯಲ್ಲಿ ಜೋಳದ ಕಾಳುಗಳು ಸಿಡಿದು ಬೆಳ್ಳಗೆ ಅರಳುವ ಸದ್ದು ಅಟ್ಟದ ಮೇಲಿನ ನನ್ನ ಕೋಣೆಯವರೆಗೂ ಬರುತ್ತಿದೆ. ನನ್ನ ಮುಂದೆ ಒಂದು ದಾವೆಯ ಕಾಗದಗಳಿವೆ. ಕೆಲಸ ಕಲಿಸುತ್ತಿರುವ ವಕೀಲರು ಅವನ್ನು ಓದಿ ಸಾರಾಂಶ ಬರೆದುಕೊಂಡು ಬಾ ಎಂದಿದ್ದಾರೆ. ಒಂದು ಗಂಟೆಯಿಂದ ಮೊದಲ ಪುಟವನ್ನೇ ಓದುತ್ತಿದ್ದೇನೆ. ಮನುಷ್ಯ ಹೇಳುವ ಯಾವ ಮಾತಿಗಾದರೂ ಎದುರು ಮಾತು ಹುಡುಕಬಲ್ಲೆ ಎಂಬ ಹೆಮ್ಮೆ ನನಗಿದೆ. ವಾಸನೆಯೊಂದು ಮೂಗಿಗೆ ಬಂದು ಆರು ವರ್ಷದ ಹಿಂದಿನ ಒಂದು ಸಂಜೆಯನ್ನು ಎದುರಿಗೆ ತಂದು ಕೂಡಿಸಿದರೆ ಅದಕ್ಕೆ ಏನೆಂದು ಉತ್ತರ ಕೊಡಬೇಕೋ ತಿಳಿಯದು.

ಆ ಸಂಜೆಯ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದ್ದು ಒಬ್ಬಳಿಗೆ, ಅದೂ ಸುಳ್ಳು. ಇವತ್ತು ನಿಮಗೆ ಹೇಳಿ ನೋಡುತ್ತೇನೆ. ನೀವು ನ್ಯಾಯಾಧೀಶರಾಗಬೇಕಿಲ್ಲ, ಸುಮ್ಮನೆ ಕೇಳಿದರೆ ಸಾಕು.

ಆಗ ನನಗೆ ಹತ್ತೊಂಬತ್ತು. ಅನಂತಪುರದಲ್ಲಿ ಇಂಟರ್ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ವಾದಿಸುತ್ತಿದ್ದೆ ಅನ್ನುವುದು ಸರಿ. ಕಾಲೇಜಿನ ಚರ್ಚಾಕೂಟದಲ್ಲಿ ವಾರಕ್ಕೊಂದು ವಿಷಯ. ದೇವರಿದ್ದಾನೆಯೇ, ಹೆಂಗಸರು ಓದಬೇಕೇ, ಯಂತ್ರಗಳು ಒಳ್ಳೆಯವೇ ಕೆಟ್ಟವೇ. ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಒಂದು ಸಲ ದೇವರಿದ್ದಾನೆ ಎಂದು ಗೆದ್ದು, ಮುಂದಿನ ತಿಂಗಳು ಇಲ್ಲ ಎಂದೂ ಗೆದ್ದೆ. ಆ ಎರಡನೆಯ ಗೆಲುವಿಗೆ ಒಂದು ಸಣ್ಣ ಬೆಳ್ಳಿ ಬಟ್ಟಲು ಕೊಟ್ಟರು. ಅಂದಿನಿಂದ ನಾನು ನಾಸ್ತಿಕನಾದೆ. ನನ್ನ ನಾಸ್ತಿಕತೆಯ ಮೂಲ ಹುಡುಕಿದರೆ ಆ ಬಟ್ಟಲೂ ಸಿಗುತ್ತದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗೆಂದಿದ್ದರೆ ಅವರನ್ನು ನಾಲ್ಕು ಅಂಶಗಳಲ್ಲಿ ಖಂಡಿಸುತ್ತಿದ್ದೆ.

ಶ್ರಾವಣ ಬಂತು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರಬೇಕು, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ನಮ್ಮ ನೀಲಕ್ಕನನ್ನು ಕಂಪ್ಲಿಗೆ ಕೊಟ್ಟಿತ್ತು. ಅವಳ ಮಾವನದು ಅಲ್ಲಿ ಅಕ್ಕಿ ಗಿರಣಿ. ಮದುವೆಯಾದ ಮೊದಲ ಪಂಚಮಿಗೆ ಬಂದು ಹೋದವಳು ಎರಡನೆಯದಕ್ಕೆ ಬರಲಾಗಲಿಲ್ಲ, ಭಾವ ಜ್ವರ ಹಿಡಿದು ತಿಂಗಳುಗಟ್ಟಲೆ ಮಲಗಿದ್ದರು. ಇದು ಮೂರನೆಯದು. ಅವ್ವ ಹದಿನೈದು ದಿನ ಮೊದಲೇ ಹಿತ್ತಲ ಬೇವಿನ ಮರಕ್ಕೆ ಜೋಕಾಲಿಯ ಹಗ್ಗ ಕಟ್ಟಿಸಿದ್ದಳು. ಮೊಮ್ಮಗುವಿಲ್ಲದ ಮನೆ, ಆ ಜೋಕಾಲಿಯಲ್ಲಿ ಕೂರಲು ನೀಲಕ್ಕನೇ ಬರಬೇಕು. ಅಷ್ಟು ದಿನವೂ ಗಾಳಿಗೆ ಅದು ತಾನೇ ಅಲ್ಲಾಡುತ್ತಿತ್ತು.

ಕಾಲೇಜಿಗೆ ರಜೆ ಹಾಕಿ ಹೊಸಪೇಟೆಯ ಮನೆಗೆ ಬಂದಿದ್ದ ನನ್ನನ್ನು ಶನಿವಾರ ಬೆಳಿಗ್ಗೆ ಹೊರಡಿಸುತ್ತ ಅವ್ವ ಒಂದೇ ಮಾತು ಹೇಳಿದಳು. "ನೋಡು, ಅಲ್ಲಿ ಹೋಗಿ ವಾದಾ ಮಾಡಬ್ಯಾಡ. ಕೊಟ್ಟದ್ದು ಉಣ್ಣು, ಅಕ್ಕನ್ನ ಕರಕೊಂಡು ಬಾ. ಅಷ್ಟ."

"ಅವರ ಕೇಳಿದ್ರ?"

"ಕೇಳಿದ್ರ ಹೂಂ ಅನ್ನು."

ಕಂಪ್ಲಿಗೆ ಹೋಗುವ ಮೋಟಾರು ಕಮಲಾಪುರದ ಮೇಲೆ ಹೋಗುತ್ತಿತ್ತು. ಎರಡೂ ಕಡೆ ಬಂಡೆಗುಡ್ಡ, ಬಾಳೆತೋಟ, ದೂರದಲ್ಲಿ ಹಂಪಿಯ ಮುರಿದ ಮಂಟಪಗಳು. ಪಕ್ಕದಲ್ಲಿ ಕುಳಿತಿದ್ದ ಮೆಟ್ರಿ ಕಡೆಯ ರೈತರೊಬ್ಬರು ಒಂದು ಮಂಟಪದತ್ತ ಕೈ ಮುಗಿದರು. ಒಳಗೆ ಮೂರ್ತಿಯೇ ಇಲ್ಲದ ಮಂಟಪಕ್ಕೆ ಯಾಕೆ ಮುಗಿಯುತ್ತೀರಿ ಎಂದು ನಾನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಕೈಗೇನು ಸವಕಳಿ ಆಗಂಗಿಲ್ಲಲ್ಲ ಬಿಡ್ರಿ" ಅಂದು ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಎಳೆದುಕೊಂಡು ನಿದ್ದೆ ಹೋದರು. ಎದುರು ಪಕ್ಷ ಸಭಾತ್ಯಾಗ ಮಾಡಿತು ಎಂದು ನಾನು ಅದನ್ನೂ ಗೆಲುವಿನ ಲೆಕ್ಕಕ್ಕೇ ಹಾಕಿಕೊಂಡೆ.

ಅಂದು ರೊಟ್ಟಿ ಹಬ್ಬ. ಪಂಚಮಿಗೆ ಎರಡು ದಿನ ಮೊದಲು ಬರುವ ಈ ದಿನ ಊರಿನ ಮನೆಮನೆಯಲ್ಲೂ ಹಪ್ಪಳದ ಹಾಗೆ ತೆಳ್ಳನೆಯ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಸುಟ್ಟು, ನಾಲ್ಕಾರು ಬಗೆಯ ಪಲ್ಯ, ಕಾಳು, ಶೇಂಗಾ ಚಟ್ನಿಪುಡಿ ಇಟ್ಟು ಓಣಿಯವರಿಗೆಲ್ಲ ಹಂಚುತ್ತಾರೆ. ಕಾರಣವಿದೆ. ಮರುದಿನದ ಚೌತಿ, ಅದರ ಮರುದಿನದ ಪಂಚಮಿ, ಆ ಎರಡು ದಿನ ಒಲೆಯ ಮೇಲೆ ರೊಟ್ಟಿ ಸುಡುವ ಹಂಚು ಇಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಎರಡೂ ನಾಗಪ್ಪನಿಗೆ ನೋವು ಮಾಡುತ್ತವೆ ಎಂಬ ನಂಬಿಕೆ. ಆ ದಿನಗಳಲ್ಲಿ ಆವಿಯಲ್ಲಿ ಬೇಯಿಸಿದ ಕಡುಬು, ಉಂಡಿ, ತಂಬಿಟ್ಟು ಇಷ್ಟೇ. ನಾನು ಗಿರಣಿ ಓಣಿಯಲ್ಲಿ ಇಳಿದಾಗ ಬಾಗಿಲು ಬಾಗಿಲಿಗೂ ಹೆಂಗಸರು ರೊಟ್ಟಿಯ ಬುಟ್ಟಿ ಹೊತ್ತು ಹೋಗಿಬರುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದವರು ನೀಲಕ್ಕನ ಅತ್ತೆ, ಬಸಮ್ಮತ್ತೆ. ಎತ್ತರದ ಹೆಂಗಸು, ಹಣೆಗೆ ವಿಭೂತಿ, ಮಾತು ಕಡಿಮೆ. "ಬಾರಪ್ಪ, ಕುಂದ್ರು. ನಿಮ್ಮವ್ವ ಆರಾಮದಾಳ?" ಎಂದು ಕಾಲಿಗೆ ನೀರು ಕೊಟ್ಟರು. ಮದುವೆಯಾದ ವರ್ಷವೇ ನೀಲಕ್ಕ ನನಗೆ ಅವರ ವಿಷಯ ಒಂದು ಹೇಳಿದ್ದಳು. ಬಸಮ್ಮತ್ತೆಗೆ ಭಾವನ ನಂತರ ಇನ್ನೊಬ್ಬ ಮಗನಿದ್ದ, ಸಿದ್ದಲಿಂಗ. ಎಂಟು ವರ್ಷದವನಿದ್ದಾಗ ಗಿರಣಿಯ ಭತ್ತದ ಚೀಲಗಳ ಸಂದಿಯಲ್ಲಿ ಆಡುತ್ತಿದ್ದವನಿಗೆ ಹಾವು ಕಚ್ಚಿತು. ಆಗಿನಿಂದ ಆ ಮನೆಯಲ್ಲಿ ಚೌತಿ ಪಂಚಮಿಯ ನೇಮ ಬಲು ಬಿಗಿ. ಎರಡು ದಿನ ಗಿರಣಿ ನಿಲ್ಲುತ್ತಿತ್ತು. ಹಿತ್ತಲಲ್ಲಿ ಒಂದು ಕಳೆ ಕೂಡ ಕೀಳುವಂತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ಊಟಕ್ಕೆ ಕುಳಿತಾಗ ನೀಲಕ್ಕ ತಟ್ಟೆಗೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತ, "ಅವ್ವ ಜೋಕಾಲಿ ಕಟ್ಟ್ಯಾಳೇನು? ಬೇವಿನ ಗಿಡಕ್ಕ? ಅದ ಟೊಂಗಿಗೆ?" ಎಂದು ಮೂರು ಸಲ ಕೇಳಿದಳು. ಅವಳ ಟ್ರಂಕು ಆಗಲೇ ಪಡಸಾಲೆಗೆ ಬಂದು ಕೂತಿತ್ತು. ಸೋಮವಾರ ನಸುಕಿನ ಮೋಟಾರಿಗೆ ಹೊರಡುವುದು, ಪಂಚಮಿಯ ಕಡುಬನ್ನು ಅವ್ವನ ಕೈಯಿಂದಲೇ ಉಣ್ಣುವುದು ಎಂದು ನಿಶ್ಚಯವಾಗಿತ್ತು.

ನಡುವೆ ಒಂದು ಭಾನುವಾರವಿತ್ತು. ಆ ಭಾನುವಾರದಲ್ಲಿ ಒಂದು ಫುಟ್ಬಾಲ್ ಆಟವಿತ್ತು.

ಭಾವನಿಗೆ ಗಿರಣಿಗಿಂತ ಫುಟ್ಬಾಲಿನ ಮೇಲೆ ಪ್ರೀತಿ ಹೆಚ್ಚು. ಬಳ್ಳಾರಿಯ ದಂಡಿನ ಪ್ರದೇಶದಲ್ಲಿ ಸೋಲ್ಜರುಗಳ ಆಟ ನೋಡಿ ಬಂದು ಊರಲ್ಲಿ ಹನ್ನೊಂದು ಜನರನ್ನು ಕೂಡಿಸಿದ್ದರು. ಬರಿಗಾಲು, ಮೊಳಕಾಲ ಮೇಲೆ ಕಟ್ಟಿದ ಧೋತರ, ಸೈಕಲ್ ಪಂಪಿನಿಂದ ಗಾಳಿ ತುಂಬುವ ಒಂದೇ ಚೆಂಡು. ಅವತ್ತು ಸಂಡೂರಿನ ತಂಡ ಬರುವುದಿತ್ತು. ಸಂಡೂರು ಅಂದರೆ ಬೇರೆ ಸಂಸ್ಥಾನ, ಬೇರೆ ರಾಜರು. ಹಿಂದಿನ ವರ್ಷ ಅಲ್ಲಿ ಹೋಗಿ ನಾಲ್ಕು ಗೋಲಿನಿಂದ ಸೋತು ಬಂದಿದ್ದ ಕಂಪ್ಲಿಯವರಿಗೆ ಇದು ಮಾನದ ಪ್ರಶ್ನೆ. ನನಗೆ ಆಡಲು ಬರುತ್ತಿರಲಿಲ್ಲ, ನಿಯಮಗಳು ಮಾತ್ರ ಬಾಯಿಪಾಠ. ಇಂಥವರು ಪ್ರತಿ ಆಟದಲ್ಲೂ ಇರುತ್ತಾರೆ, ನೀವೂ ಕಂಡಿರುತ್ತೀರಿ. ಭಾವ ನನ್ನನ್ನು ಗೆರೆಯ ಪಕ್ಕ ಬಾವುಟ ಹಿಡಿಯುವ ಕೆಲಸಕ್ಕೆ ನೇಮಿಸಿದರು.

ಭಾನುವಾರ ಬೆಳಿಗ್ಗೆ ಬಸಮ್ಮತ್ತೆ, ನೀಲಕ್ಕ ನಾಗರಕಲ್ಲಿಗೆ ಹಾಲೆರೆದು ಬಂದರು. ಮಧ್ಯಾಹ್ನ ಭಾವನೂ ನಾನೂ ಗಿರಣಿಯ ಹಿಂದಿನ ಬಯಲಿಗೆ ಹೋದಾಗ ತಂಡದವರೆಲ್ಲ ಒಂದೆಡೆ ಗುಂಪಾಗಿ ನಿಂತಿದ್ದರು. ಹೊಳೆಯ ಕಡೆಯ ಗೋಲಿನ ಎರಡು ಕಂಬಗಳೂ ಹಿಂದಿನ ವಾರದ ಮಳೆಗೆ ವಾಲಿ ಬಿದ್ದಿದ್ದವು. ಶನಿವಾರ ಅವನ್ನು ನೆಟ್ಟು ಮುಗಿಸಬೇಕಿತ್ತು. ಶನಿವಾರ ರೊಟ್ಟಿ ಹಬ್ಬ. ಎಲ್ಲರೂ ಮನೆ ಮನೆ ತಿರುಗಿ ರೊಟ್ಟಿ ತಿನ್ನುತ್ತ, ಕಂಬವನ್ನು ಇನ್ನೊಬ್ಬ ನೆಟ್ಟಿರುತ್ತಾನೆ ಎಂದುಕೊಂಡು ಬಿಟ್ಟಿದ್ದರು. ಈಗ ಚೌತಿ. ಹಾರೆ ಬಿದ್ದಿತ್ತು, ಮುಟ್ಟುವವರಿಲ್ಲ.

"ಎರಡು ಬಂಡಿ ತರಸ್ರಿ," ಅಂದರು ಭಾವ. "ನೊಗದ ಕಡೆ ಮೂಕಿ ಮ್ಯಾಲ ಮಾಡಿ ನಿಲ್ಲಸೂಣು. ನಡುವ ಗೋಲು. ಮುಗೀತಲ್ಲ."

ಎಲ್ಲರಿಗೂ ಅದು ಸರಿಬಂತು. ಎರಡು ಬಂಡಿ ತರಲು ಎಷ್ಟು ಹೊತ್ತು? ಗಿರಣಿಯ ಮುಂದೆಯೇ ಹತ್ತು ಬಂಡಿ ನಿಂತಿದ್ದವು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಈ ಪ್ರಬಂಧ ಬರೆಯುವ ಕಾರಣವೂ ಇರುತ್ತಿರಲಿಲ್ಲ.

"ಬಂಡಿ ಗೋಲಾಗೂದಿಲ್ಲ," ಅಂದೆ ನಾನು. "ನಿಯಮದಾಗ ಕಂಬ ಅಂತ ಐತಿ."

"ನಿಯಮ ಬರದವ್ರಿಗೆ ಚೌತಿ ಗೊತ್ತಿದ್ದಿಲ್ಲ ಬಿಡಪ್ಪ ಲಾಯರ್," ಎಂದರು ಭಾವ. ಎಲ್ಲರೂ ನಕ್ಕರು.

ಆ ನಗು ಸಾಕಾಯಿತು. ನಾನು ಹಾರೆ ಎತ್ತಿಕೊಂಡೆ. "ನೆಲದಾಗ ಮೂರು ಅಡಿ ತೆಗ್ಗು ತೋಡಿದ್ರ ಯಾವ ಹಾವಿಗೆ ನೋವಾಗತೈತಿ? ಯಾರರೆ ಒಬ್ರು ಹೇಳ್ರಿ, ಹಾರಿ ಕೆಳಗಿಡ್ತೀನಿ."

ಭಾವ ಮಾತ್ರ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬ್ಯಾಡಲೇ. ನಮ್ಮವ್ವಗ ಗೊತ್ತಾದ್ರ ಭಾಳ ಮನಸಿಗೆ ಹಚ್ಚಿಕೊಳ್ತಾಳ" ಅಂದರು. ನಾನು ಅಗೆದೆ. ಮಳೆ ಕುಡಿದ ಎರೆಮಣ್ಣು ಹಾರೆಗೆ ಅಂಟಿಕೊಂಡು ಬರುತ್ತಿತ್ತು. ಓದುವ ಹುಡುಗನ ಕೈ. ಮೊದಲ ತೆಗ್ಗಿಗೇ ಅಂಗೈಯಲ್ಲಿ ಬೊಕ್ಕೆ ಎದ್ದವು. ತಂಡದವರು ಹತ್ತು ಮಾರು ದೂರ ನಿಂತು ನೋಡುತ್ತಿದ್ದರು. ಹಾವು ಬರಲಿಲ್ಲ. ಎರೆಹುಳವೊಂದು ಬಂತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, "ನೋಡ್ರಪ್ಪ, ನಿಮ್ಮ ನಾಗಪ್ಪ" ಅಂದೆ. ಅದಕ್ಕೂ ಇಬ್ಬರು ನಕ್ಕರು. ಭಾವ ನಗಲಿಲ್ಲ.

ಸಂಡೂರಿನವರು ಗಣಿಯ ಲಾರಿಯಲ್ಲಿ ಬಂದಿಳಿದರು. ಮ್ಯಾಂಗನೀಸ್ ಧೂಳು ಕೂತು ಹನ್ನೊಂದು ಜನರೂ ಒಂದೇ ಬಣ್ಣಕ್ಕೆ ಬಂದಿದ್ದರು. ಆಟ ಬಿರುಸಾಗಿ ನಡೆಯಿತು. ಶಾಲೆಯ ಡ್ರಿಲ್ ಮಾಸ್ತರು ರೆಫರಿ. ಅವರ ತೀರ್ಪುಗಳ ಬಗ್ಗೆ ನಾನು ಗೆರೆಯಾಚೆಯಿಂದ ಎಷ್ಟು ಸಲ ತಕರಾರು ಎತ್ತಿದೆನೆಂದರೆ ಕೊನೆಗೆ ಅವರು ಸೀಟಿಯನ್ನು ನನ್ನ ಕಡೆ ಚಾಚಿ, "ನೀವ ಊದ್ರಿ ಹಂಗಾರ" ಅಂದರು. ಮೊದಲಾರ್ಧದಲ್ಲಿ ಕಂಪ್ಲಿಯವರು ಒಂದು ಗೋಲು ಹೊಡೆದರು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಸಂಡೂರಿನ ಒಬ್ಬ ಎತ್ತರದ ಆಳು ಹೊಳೆಯ ಕಡೆಯ ಗೋಲಿಗೆ ಗುಂಡಿನಂತೆ ಒಂದು ಚೆಂಡು ಬಿಟ್ಟ. ಗೋಲು ಕಾಯುತ್ತಿದ್ದ ಭಾವ ಹಾರಿದರೂ ಸಿಗಲಿಲ್ಲ. ಚೆಂಡು ನಾನು ನೆಟ್ಟ ಕಂಬಕ್ಕೆ ಬಡಿದು, ಕಂಬ ಗದಗದ ನಡುಗಿ, ಚೆಂಡು ಹೊರಗೆ ಹೋಯಿತು.

ಕಂಪ್ಲಿ ಗೆದ್ದಿತು. ಅರ್ಧ ಗಂಟೆಯ ಕಾಲ ನಾನು ಆ ಊರಿನ ದೊಡ್ಡ ಮನುಷ್ಯನಾಗಿದ್ದೆ. ಮಧ್ಯಾಹ್ನ ದೂರ ನಿಂತವರೇ ಈಗ ಬಂದು ಬೆನ್ನು ತಟ್ಟಿದರು. "ಬಂಡಿ ಇದ್ದಿದ್ರ ಚೆಂಡು ಗಾಲಿ ಸಂದ್ಯಾಗ ಹೊಕ್ಕು ಗೋಲಾಗ್ತಿತ್ತು ನೋಡ್ರಿ" ಎಂದು ನಾನು ಎಲ್ಲರಿಗೂ ವಿವರಿಸಿದೆ. ನನ್ನ ಸಿದ್ಧಾಂತಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಹಿಂದೆಂದೂ ಸಿಕ್ಕಿರಲಿಲ್ಲ. ಮನೆಯ ದಾರಿಯಲ್ಲಿ ಭಾವ, "ಮನ್ಯಾಗ ಕಂಬದ ಸುದ್ದಿ ತೆಗಿಬ್ಯಾಡ" ಎಂದು ಎರಡು ಸಲ ಹೇಳಿದರು. ಹೂಂ ಅಂದೆ.

ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. ಮೋಟಾರು ನಸುಕಿನಲ್ಲೇ ಹೊರಡುವುದರಿಂದ ಉಡಿ ತುಂಬುವ ಶಾಸ್ತ್ರವನ್ನು ಆ ಸಂಜೆಯೇ ಮುಗಿಸಬೇಕಿತ್ತು. ಸೊಸೆ ತವರಿಗೆ ಹೊರಟಾಗ ಅತ್ತೆ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಕಳಿಸುವುದು ನಮ್ಮ ಪದ್ಧತಿ. ನೀಲಕ್ಕ ಹಸಿರು ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಮುಖ ಹೊಳೆಯುತ್ತಿತ್ತು. ಭಾವನ ತಂದೆ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ಬಸಮ್ಮತ್ತೆ ಅಕ್ಕಿಯ ತಟ್ಟೆ ತಂದಿಟ್ಟು, ಬಾಗಿಲಲ್ಲಿ ನಿಂತ ನನ್ನ ಕೈಗೆ ನೀರು ಹಾಕಲು ಬಂದರು. ತಂಬಿಗೆ ಬಗ್ಗಿಸಿದವರು ಹಾಗೆಯೇ ನಿಂತರು.

"ಕೈಗೇನಾತಪ್ಪ? ಬೊಕ್ಕಿ ಎದ್ದಾವಲ್ಲ."

ಬಿದ್ದೆ ಅಂದಿದ್ದರೆ ಆಗುತ್ತಿತ್ತು. ಆದರೆ ನಾನು ಗೆದ್ದು ಬಂದವನು. "ಹಾರಿ ಹಿಡಿದಿದ್ದೆ ಅತ್ತಿ. ಗೋಲಿನ ಕಂಬ ನಟ್ಟೆ" ಅಂದೆ.

"ಇವತ್ತ? ಚೌತಿ ದಿನ?"

"ಏನೂ ಆಗಲಿಲ್ಲಲ್ಲ. ಆ ಕಂಬದಿಂದನ ನಿಮ್ಮೂರು ಗೆದ್ದತಿ. ಕೇಳ್ರಿ ಭಾವಗ."

"ಅಗದವರಿಗೆ ಅಷ್ಟ ಅಲ್ಲಪ್ಪ, ಮನಿಗೆ ಬರತೈತಿ ಅದು," ಎಂದರು ಬಸಮ್ಮತ್ತೆ. ದನಿ ಏರಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತು: ಎದುರಾಳಿ ಒಂದು ಪ್ರಮೇಯ ಮುಂದಿಟ್ಟಿದ್ದರು. ಭಾವ ಹಿಂದಿನಿಂದ ಅಂಗಿ ಜಗ್ಗಿದರು. ನೀಲಕ್ಕ ಮಣೆಯ ಮೇಲಿಂದ, "ಲೇ, ಸಾಕು" ಅಂದಳು.

ಸಾಕಾಗಲಿಲ್ಲ. ನಾನು ಬೆರಳು ಮಡಚಿ ಎಣಿಸಿದೆ. ಒಂದು, ಹಾವಿಗೆ ಕಿವಿಯೂ ಇಲ್ಲ, ಪಂಚಾಂಗವೂ ಇಲ್ಲ. ಎರಡು, ಬೇರೆ ಸೀಮೆಯ ಜನ ಇದೇ ದಿನ ಉಳುತ್ತಾರೆ, ಅಗೆಯುತ್ತಾರೆ, ಅವರಿಗೇನೂ ಆಗುವುದಿಲ್ಲ. ಮೂರನೆಯ ಬೆರಳು ಮಡಚುವಾಗ ನನ್ನ ನಾಲಿಗೆ ನಿಲ್ಲಬೇಕಿತ್ತು. ವೇದಿಕೆಯ ಮೇಲೆ ಅತ್ಯುತ್ತಮ ಅಂಶವನ್ನು ಕೊನೆಗೆ ಇಟ್ಟುಕೊಳ್ಳುವುದನ್ನು ಕಲಿಸಿದ್ದರು.

"ಮೂರನೇದು ನಿಮ್ಮ ಮನೀದ. ಸಿದ್ದಲಿಂಗ ಹೋದ ವರ್ಷ ನೀವೇನು ನೇಮ ತಪ್ಪಿದ್ರೇನು? ಹಾಲು ಎರದಿರಿ. ನೆಲ ಅಗೀಲಿಲ್ಲ. ಹಂಚು ಇಡಲಿಲ್ಲ. ಆದ್ರೂ ಕಚ್ಚಿತು. ಅಂದಮ್ಯಾಲ ಈ ನೇಮದಾಗ ಏನೈತಿ?"

ಪಡಸಾಲೆಯಲ್ಲಿ ಎಲೆ ಜಗಿಯುವ ಸದ್ದು ನಿಂತಿತು. ಬಸಮ್ಮತ್ತೆ ತಂಬಿಗೆಯನ್ನು ಕೆಳಗಿಟ್ಟರು. ನನ್ನನ್ನಲ್ಲ, ತಂಬಿಗೆಯನ್ನೇ ನೋಡುತ್ತ ಹೇಳಿದರು.

"ಇಟ್ಟಿದ್ದೆನಪ್ಪ."

ಯಾರಿಗೂ ಅರ್ಥವಾಗಲಿಲ್ಲ.

"ಆ ವರ್ಷ ಪಂಚಮಿ ದಿನ ಹಂಚು ಇಟ್ಟಿದ್ದೆ. ಕಡಬು ಒಲ್ಲೆ ಅಂದ. ಬಿಸಿ ರೊಟ್ಟಿನ ಬೇಕಂತ ಹಟಾ ಹಿಡದು ನೆಲಕ್ಕ ಬಿದ್ದು ಹೊಳ್ಯಾಡಿದ. ಯಾರೂ ಇದ್ದಿಲ್ಲ ಮನ್ಯಾಗ. ಒಂದ ರೊಟ್ಟಿ. ತಟ್ಟಿ ಸುಟ್ಟು ಕೊಟ್ಟೆ. ಹಬ್ಬ ಆಗಿ ಒಂಬತ್ತು ದಿನಕ್ಕ ಹ್ವಾದ."

ಭಾವನ ತಂದೆ ತಲೆ ಎತ್ತಿ ಹೆಂಡತಿಯನ್ನು ನೋಡಿದ ರೀತಿಯಿಂದ ಗೊತ್ತಾಯಿತು, ಈ ಮಾತನ್ನು ಆ ಮನೆಯಲ್ಲಿ ಯಾರೂ ಇದುವರೆಗೆ ಕೇಳಿರಲಿಲ್ಲ. ಹನ್ನೆರಡು ವರ್ಷ ಅವರು ಅದನ್ನು ಒಬ್ಬರೇ ಇಟ್ಟುಕೊಂಡಿದ್ದರು. ಗಿರಣಿ ನಿಲ್ಲಿಸುವುದು, ಕಳೆ ಕೀಳದಿರುವುದು, ಅಷ್ಟೆಲ್ಲ ಬಿಗಿ ನೇಮ ಯಾಕೆಂದು ಆಗ ತಿಳಿಯಿತು.

ಈಗಲಾದರೂ ನಾನು ಸುಮ್ಮನಿರಬಹುದಿತ್ತು. ಆದರೆ ಎದುರಾಳಿ ಹೊಸ ಸಾಕ್ಷಿ ತಂದರೆ ಅದನ್ನು ತಕ್ಷಣ ತಳ್ಳಿಹಾಕಬೇಕು, ಇದೂ ಕಲಿತದ್ದೇ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ ಅತ್ತಿ," ಅಂದೆ. "ರೊಟ್ಟಿಗೂ ಹಾವಿಗೂ ಏನು? ಅದು ಸುಮ್ಮನ ಆದದ್ದು."

ಬಸಮ್ಮತ್ತೆ ಆಗ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳುವವರ ಹಾಗೆ ಕೇಳಿದರು.

"ಹಂಗಾರ ನನ್ನ ಮಗ ಸುಮ್ಮನ ಹ್ವಾದನೇನಪ್ಪ?"

ಎಷ್ಟೋ ಸಭೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರಿಸಿದ್ದೇನೆ. ಆ ಒಂದು ಪ್ರಶ್ನೆಯ ಮುಂದೆ ಬೊಕ್ಕೆ ಎದ್ದ ಕೈಗಳನ್ನು ಹಿಡಿದುಕೊಂಡು ನಿಂತೆ. ನಿಜ, ನನ್ನ ತರ್ಕ ಸರಿಯಿತ್ತು. ಇವತ್ತಿಗೂ ಸರಿ ಎಂದೇ ನಂಬಿದ್ದೇನೆ. ಹಾವು ಪಂಚಾಂಗ ನೋಡುವುದಿಲ್ಲ. ಆದರೆ ಅದೇ ತರ್ಕದೊಳಗೆ ಆಕೆಗೆ ಬೇಕಾದ ಮಾತೊಂದಿತ್ತು: ತಾಯೀ, ನಿಮ್ಮದೇನೂ ತಪ್ಪಿಲ್ಲ, ಹಸಿದ ಮಗನಿಗೆ ರೊಟ್ಟಿ ಕೊಟ್ಟಿರಿ. ನಾಸ್ತಿಕನೊಬ್ಬ ಆ ಮನೆಗೆ ಕೊಡಬಹುದಾಗಿದ್ದ ಒಂದೇ ಕಾಣಿಕೆ ಅದು. ನನಗೆ ಆ ಮಾತು ಹೊಳೆದದ್ದು ವರ್ಷಗಳ ಮೇಲೆ. ಅವತ್ತು ನನಗೆ ಬೇಕಾಗಿದ್ದದ್ದು ಗೆಲುವು.

ಬಸಮ್ಮತ್ತೆಯೇ ಸುಧಾರಿಸಿಕೊಂಡರು. ಕುಂಕುಮದ ಬಟ್ಟಲು ಎತ್ತಿಕೊಂಡು, "ಸೆರಗು ಒಡ್ಡವ್ವ ನೀಲಾ, ಹೊತ್ತಾತು" ಅಂದರು.

ನೀಲಕ್ಕ ಮಣೆಯಿಂದ ಎದ್ದು ನಿಂತಳು. "ಈ ಸಲ ನಾ ಹೋಗಂಗಿಲ್ರಿ ಅತ್ತಿ."

"ಹುಚ್ಚಿ. ನಿಮ್ಮವ್ವ ದಾರಿ ನೋಡ್ತಿರ್ತಾಳ."

"ನೋಡ್ಲಿರಿ. ಮುಂದಿನ ವರ್ಷ ಹೋಗ್ತೀನಿ."

"ಹೋದ ವರ್ಷಾನೂ ಹೋಗಿಲ್ಲವ್ವ ನೀನು."

ನೀಲಕ್ಕ ಅಕ್ಕಿಯ ತಟ್ಟೆಯನ್ನು ಎತ್ತಿ ಒಳಗೆ ಒಯ್ದಳು. ಹಿತ್ತಲಲ್ಲಿ ನಾನು ಅವಳ ಹಿಂದೆ ಹಿಂದೆ ಹೋಗಿ, ಅವರೇ ಹೋಗು ಅಂತಾರಲ್ಲ, ನೀನ್ಯಾಕೆ ಉಳೀತಿ ಎಂದು ಕೇಳಿದೆ. ಅವಳು ಹಸಿರು ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, "ನೀ ಗೆದ್ದೆಲ್ಲ, ಹೋಗು" ಅಂದಳು. "ನಾಳೆ ಹಬ್ಬದ ದಿನ ಆಕಿ ಮಗ್ಗಲ ಯಾರರೆ ಕುಂದ್ರಬೇಕು. ಗಂಡಸ್ರು ಕುಂದ್ರಂಗಿಲ್ಲ. ಅವ್ವಗ ಹೇಳು, ನೀಲಿ ತಾನ ಉಳದ್ಲು ಅಂತ ಹೇಳು. ಏನಾತು ಅನ್ನೋದನ್ನೂ ಹೇಳು."

ಸೋಮವಾರ ನಸುಕಿನಲ್ಲಿ ಬಸಮ್ಮತ್ತೆ ನನ್ನ ಕೈಗೆ ಒಂದು ಡಬ್ಬಿ ಕೊಟ್ಟರು. ಶೇಂಗಾ ಉಂಡಿ, ಎಳ್ಳುಂಡಿ, ಒಂದು ಮೂಲೆಯಲ್ಲಿ ತಂಬಿಟ್ಟು. "ನಿಮ್ಮವ್ವಗ ಕೊಡು. ಬೇಸರ ಮಾಡ್ಕೋಬ್ಯಾಡ ಅನ್ನು." ಹಿಂದಿನ ಸಂಜೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕಾಲು ಮುಟ್ಟಬೇಕೆನಿಸಿತು, ಕಾಲು ಮುಟ್ಟುವುದರ ವಿರುದ್ಧವೂ ಒಮ್ಮೆ ಭಾಷಣ ಮಾಡಿದವನು ನಾನು. ಮುಟ್ಟದೆ ಬಂದೆ.

ಹೊಸಪೇಟೆಯಲ್ಲಿ ಅವ್ವ ಓಣಿಯ ತಿರುವಿನವರೆಗೂ ಬಂದು ನಿಂತಿದ್ದಳು. ನನ್ನನ್ನು ಕಂಡು ನಕ್ಕಳು. ನನ್ನ ಹಿಂದೆ ನೋಡಿದಳು. ಇನ್ನೂ ಸ್ವಲ್ಪ ಹಿಂದೆ, ಟ್ರಂಕು ಹೊತ್ತವರು ಯಾರಾದರೂ ಬರುತ್ತಿರಬಹುದೇ ಎಂದು ನೋಡಿದಳು.

"ಎಲ್ಲಿ?"

"ಅವರು ಕಳಸ್ಲಿಲ್ಲ," ಅಂದೆ.

ನಾನು ಅದುವರೆಗೆ ಆಡಿದ್ದರಲ್ಲಿ ಅತಿ ಚಿಕ್ಕ ವಾದ ಅದು. ಯಾರೂ ಅದಕ್ಕೆ ಆಧಾರ ಕೇಳಲಿಲ್ಲ. ಅವ್ವ ಡಬ್ಬಿಯನ್ನು ತೆರೆಯಲೂ ಇಲ್ಲ. ಓಣಿಯ ಮೇಲೆ ಹೋಗುತ್ತಿದ್ದ ಯಾರದೋ ಸೆರಗಿಗೆ ಅಷ್ಟನ್ನೂ ಸುರಿದು ಖಾಲಿ ಡಬ್ಬಿ ತೊಳೆದಿಟ್ಟಳು. "ಎರಡು ವರ್ಷ ಆತು. ಹಡದವಳ ಹೊಟ್ಟಿ ಅನ್ನೋದು ಗೊತ್ತಿಲ್ಲ ಆ ಹೆಣ್ಣಮಗಳಿಗೆ" ಎಂದು ಬಸಮ್ಮತ್ತೆಯನ್ನು ಅಂದಳು. ಹಡೆದು ಕಳೆದುಕೊಂಡವಳನ್ನು ಹಾಗೆಂದದ್ದು ಕೇಳಿಯೂ ನಾನು ಅಟ್ಟ ಹತ್ತಿ ಬಂದೆ.

ನಂತರದ ವರ್ಷಗಳಲ್ಲಿ ನೀಲಕ್ಕ ತಪ್ಪದೆ ಬರುತ್ತಿದ್ದಾಳೆ. ಪ್ರತಿ ಸಲವೂ ಬಸಮ್ಮತ್ತೆಯೇ ಉಡಿ ತುಂಬಿ ಕಳಿಸುತ್ತಾರೆ, ಪ್ರತಿ ಸಲವೂ ಜೊತೆಗೆ ಡಬ್ಬಿ ಬರುತ್ತದೆ, ಪ್ರತಿ ಸಲವೂ ಅವ್ವ ಅದನ್ನು ಮನೆಯೊಳಗೆ ಇಡದೆ ಹಂ‌ಚಿಬಿಡುತ್ತಾಳೆ. ಮೊದಲ ಸಲ ನೀಲಕ್ಕ ಬಂದಾಗ, "ಕಡೀಗೂ ಬಿಟ್ಲೇನು ನಿಮ್ಮತ್ತಿ" ಎಂದು ಅವ್ವ ಕೇಳಿದಳು. ನೀಲಕ್ಕ ನನ್ನ ಕಡೆ ನೋಡಿದಳು. ಅವಳಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ತಿಳಿದೂ ಏನೂ ಹೇಳಲಿಲ್ಲ. ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು. ಆ ಮೌನವನ್ನು ಅವಳು ಇಂದಿನವರೆಗೂ ಮುರಿದಿಲ್ಲ. ನನ್ನ ಮಾನ ಉಳಿಸಲು ತನ್ನ ಅತ್ತೆಯ ಮಾನವನ್ನು ಬಿಟ್ಟುಕೊಟ್ಟ ಆ ಮೌನ ನನಗೆ ಎಷ್ಟು ಭಾರವಾಗಿದೆಯೆಂದರೆ, ಅವಳನ್ನು ಕರೆತರಲು ನಾನು ಮತ್ತೆ ಕಂಪ್ಲಿಗೆ ಹೋಗಲೇ ಇಲ್ಲ. ಪರೀಕ್ಷೆ, ಕೋರ್ಟು, ಕಾಲು ನೋವು, ಏನಾದರೊಂದು ನೆಪ. ದೊಡ್ಡಪ್ಪನ ಮಗ ಹೋಗಿ ಬರುತ್ತಿದ್ದ.

ಈ ವರ್ಷ ಅವನಿಗೆ ಗುಂತಕಲ್ಲಿನ ರೈಲ್ವೆಯಲ್ಲಿ ರಜೆಯಿಲ್ಲ. ಯುದ್ಧದ ಕಾಲ, ಯಾರಿಗೂ ಇಲ್ಲ. ಬೆಳಿಗ್ಗೆ ಅವ್ವ ಅಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದಳು: "ಈ ಸಲ ನೀನ ಹೋಗಬೇಕು. ಹೆದರಬ್ಯಾಡ. ಆಕಿ ಮತ್ತ ಕಳಸಂಗಿಲ್ಲ ಅಂದ್ರ ಬಿಡಬ್ಯಾಡ, ವಕೀಲಕಿ ಮಾಡು."

ಇಷ್ಟು ಬರೆದು ಪೆನ್ನು ಮುಚ್ಚಿ ಕೆಳಗೆ ಹೋದೆ. ಈಗ ಬರೆಯುತ್ತಿರುವುದು ಮತ್ತೆ ಅಟ್ಟ ಹತ್ತಿ ಬಂದ ಮೇಲೆ.

ಅವ್ವ ಬೆಲ್ಲ ಜಜ್ಜುತ್ತಿದ್ದಳು. ಎದುರಿಗೆ ನೆಲದ ಮೇಲೆ ಕುಳಿತು ಹೇಳಿದೆ. ಅಂಶಗಳಾಗಿ ವಿಂಗಡಿಸಲಿಲ್ಲ. ಕಂಬ, ಬೊಕ್ಕೆ, ಮೂರನೆಯ ಬೆರಳು, ರೊಟ್ಟಿ, ಆಕೆ ಕೇಳಿದ ಪ್ರಶ್ನೆ, ಓಣಿಯ ತಿರುವಿನಲ್ಲಿ ನಾನಾಡಿದ ಸುಳ್ಳು, ಎಲ್ಲ. ಬೆಲ್ಲ ಜಜ್ಜುವ ಕಲ್ಲು ನಡುವೆ ಎಲ್ಲೋ ನಿಂತಿತ್ತು. ಹೇಳಿ ಮುಗಿಸಿದಾಗ ಬೈಗುಳ ಬರುತ್ತದೆಂದು ಕಾದೆ. ಬರಲಿ ಎಂದೇ ಕಾದೆ.

"ಆ ಕೂಸಿಗೆ ಎಷ್ಟು ವರ್ಷಿದ್ದವಂದಿ?" ಎಂದು ಕೇಳಿದಳು.

"ಎಂಟು."

ಕಲ್ಲಿಗೆ ಅಂಟಿದ ಬೆಲ್ಲವನ್ನು ಬೆರಳಿನಿಂದ ಕೆರೆದು ತೆಗೆದಳು. ನಂತರ, "ಆರು ವರ್ಷ ನನ್ನ ಬಾಯಿಲೆ ಆಕಿನ್ನ ಬೈಸಿದೆಲ್ಲೋ" ಅಂದಳು. ಅದಕ್ಕಿಂತ ಹೆಚ್ಚಿನದನ್ನು ಯಾವ ನ್ಯಾಯಾಲಯವೂ ನನಗೆ ಹೇಳಲಾರದು.

ಕಲ್ಲನ್ನು ಗೋಡೆಗೆ ಸರಿಸಿ ಎದ್ದಳು. ಸೊಂಟ ಹಿಡಿದುಕೊಂಡು ಒಂದು ಕ್ಷಣ ನಿಂತು, "ನೀ ಒಬ್ನ ಹೋಗಬ್ಯಾಡ. ನಾನೂ ಬರ್ತೀನಿ. ಈ ಪಂಚಮಿ ಅಲ್ಲೇ ಆಗ್ಲಿ" ಅಂದಳು.

ನನಗೆ ನಂಬಲಾಗಲಿಲ್ಲ. ಮಗಳನ್ನು ಕೊಟ್ಟ ಮನೆಗೆ ತಾಯಿ ಹಬ್ಬಕ್ಕೆ ಹೋಗಿ ಉಣ್ಣುವುದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ:

"ಅವ್ವಾ, ಹಂಗ ಹೋಗೋ ಪದ್ಧತಿ ಇಲ್ಲಲ್ಲ."

"ಅದನ್ನ ನೀ ಹೇಳ್ತಿಯೇನು?" ಎಂದು ಅವ್ವ ಬಾಗಿಲ ಹಿಂದಿನ ಗೂಟದಿಂದ ತನ್ನ ಸೀರೆಯ ಗಂಟು ಇಳಿಸಿದಳು.

ನಾಳೆ ಬೆಳಿಗ್ಗೆ ಮೋಟಾರು ಏಳಕ್ಕೆ ಹೊರಡುತ್ತದೆ, ಬೇಗ ಹೋದರೆ ಮುಂದಿನ ಸೀಟು ಸಿಗುತ್ತದೆ ಎಂದಷ್ಟೇ ಹೇಳಿದೆ.